ಹುಬ್ಬಳ್ಳಿಯ ವಿಮಾನ, ಒಂದು ರೂಪಾಯಿ ಟಿಕೆಟ್ಟು, ಉಳಿಯದ ಮಾರ್ಗಗಳು

ಎಟಿಆರ್ ಎಂಬ ಚಿಕ್ಕ ವಿಮಾನಕ್ಕೆ ಹಿಂದಿನ ಬಾಗಿಲಿನಿಂದ ಹತ್ತಬೇಕು. ಮುಂದೆ ಕಾಣುವ ಬಾಗಿಲು ಲಗೇಜಿನದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿ ನಿಲ್ದಾಣದಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ವಿಮಾನದ ಕಡೆ ನಡೆದು ಹೋಗುವಾಗ ನಮ್ಮ ಕಾಕಾ ಕೇಳಿದ್ದು ಇನ್ನೂ ನೆನಪಿದೆ: “ಏನೋ ತಮ್ಮಾ, ಇದನ್ನೂ ಸಿಟಿ ಬಸ್ ಹಂಗ ಹಿಂದಿಂದನ ಹತ್ತೂದೇನು?” ಕೈಯಲ್ಲಿ ಪೇಡೆ ಡಬ್ಬಿ, ಬಗಲಲ್ಲಿ ಬುತ್ತಿಯ ಚೀಲ. ಒಳಗೆ ತಿನ್ನಲು ಏನೂ ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರು. ಕುಳಿತ ಅರ್ಧ ಗಂಟೆಯೊಳಗೆ ಚಪಾತಿ-ಪಲ್ಯ ಬಿಚ್ಚಿದರು. ಪಕ್ಕದ ಸಾಲಿನಲ್ಲೂ ಯಾರೋ ಬಿಚ್ಚಿದ್ದರು. ಕಾಕಾ ತಮ್ಮ ಆಯುಷ್ಯದಲ್ಲಿ ಹತ್ತಿದ ಮೊದಲ ವಿಮಾನ ಅದು, ಬೆಂಗಳೂರಿಗೆ ಹೊರಟದ್ದು.

ಆ ವಿಮಾನ ಹಾರಿಸಿದ ಕಂಪನಿ ಏರ್ ಡೆಕ್ಕನ್. ಈಗ ಇಲ್ಲ. ಅದರ ಜಾಗದಲ್ಲಿ ಇವತ್ತು ದೇಶದ ಆಕಾಶದ ಹತ್ತಿರ ಹತ್ತಿರ ಮೂರನೇ ಎರಡು ಪಾಲು ಒಂದೇ ಕಂಪನಿಯ ಕೈಲಿದೆ, ಇಂಡಿಗೋ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಆ ಕಂಪನಿ ಸಾವಿರಾರು ವಿಮಾನಗಳನ್ನು ರದ್ದು ಮಾಡಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಸಂದರ್ಶನಕ್ಕೆ ಹೊರಟವರು ನಿಲ್ದಾಣದ ನೆಲದ ಮೇಲೆ ಮಲಗಿದರು. ಉಳಿದ ಕಂಪನಿಗಳ ಟಿಕೆಟ್ ದರ ಗಗನಕ್ಕೇರಿ ಕೊನೆಗೆ ಸರ್ಕಾರವೇ ಮಿತಿ ಹಾಕಬೇಕಾಯಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ಕಿಲೋಮೀಟರ್ ದಾಟಿದರೆ 18,000.

ಆಗ ನಡೆದ ಚರ್ಚೆಯೆಲ್ಲ ಪೈಲಟ್‌ಗಳ ರಜೆ, ನಿಯಂತ್ರಕರ ಮೆದುತನ, ಒಂದೇ ಕಂಪನಿಯ ಯಜಮಾನಿಕೆ ಇವುಗಳ ಸುತ್ತ ಇತ್ತು. ಮೂರೂ ನಿಜವೇ. ನನಗೆ ಮಾತ್ರ ಹಳೆಯದೊಂದು ಪ್ರಶ್ನೆ ಕಾಡಿತು. ಅಗ್ಗದ ವಿಮಾನ ಎಂದಕೂಡಲೇ ನಾವು ನೋಡುವುದು ಟಿಕೆಟ್ಟಿನ ದರವನ್ನು, ಆದರೆ ಆ ಕಂಪನಿಯ ಹಣೆಬರಹ ಇರುವುದು ಅದರ ಮಾರ್ಗನಕ್ಷೆಯಲ್ಲಿ. ಯಾವ ಊರಿಂದ ಯಾವ ಊರಿಗೆ, ಎಂಥ ವಿಮಾನದಲ್ಲಿ, ದಿನಕ್ಕೆ ಎಷ್ಟು ಸಲ ಎಂಬ ಗೆರೆಗಳನ್ನು ನೋಡಿದರೆ ಏರ್ ಡೆಕ್ಕನ್ ಯಾಕೆ ಮುಳುಗಿತು, ಇಂಡಿಗೋ ಯಾಕೆ ಗೆದ್ದಿತು, ಬೀದರ್‌ನಂಥ ಊರಿಗೆ ನಿಲ್ದಾಣ ಬಂದರೂ ವಿಮಾನ ಯಾಕೆ ಉಳಿಯುವುದಿಲ್ಲ ಎಂಬುದೆಲ್ಲ ಒಂದೇ ಕಥೆಯಾಗಿ ಕಾಣುತ್ತದೆ.

ಗೊರೂರಿನಿಂದ ಹೊರಟದ್ದು

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ಸೈನ್ಯಕ್ಕೆ ಸೇರಿ, 1971ರ ಯುದ್ಧ ನೋಡಿ, ಚಿಕ್ಕ ವಯಸ್ಸಿನಲ್ಲೇ ಕೆಲಸ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿನ ನೀರು ಮನೆತನದ ಜಮೀನನ್ನು ನುಂಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ನೆಲ. ಅಲ್ಲಿ ತೆಂಗು ಹಾಕಿದರು, ರೇಷ್ಮೆ ಸಾಕಿದರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿಯೂ ಬಂತು. ಆಮೇಲೆ ಸೈನ್ಯದ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜೊತೆ ಸೇರಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆ ಕಂಪನಿ ಶುರು ಮಾಡಿದರು. ರಾಜಕಾರಣಿಗಳ ಚುನಾವಣಾ ಪ್ರಚಾರ, ಕಂಪನಿಗಳ ಸಮೀಕ್ಷೆ ಇಂಥ ಕೆಲಸ. ವಿಮಾನಯಾನದ ಮನೆತನದವರಲ್ಲ, ದೊಡ್ಡ ಬಂಡವಾಳಗಾರರೂ ಅಲ್ಲ. ಅದೇ ಅವರ ಶಕ್ತಿಯಾಯಿತು, ಮುಂದೆ ದೌರ್ಬಲ್ಯವೂ ಆಯಿತು.

ಆ ಹೊತ್ತಿಗೆ ಆಕಾಶದಲ್ಲಿ ಯಾರಿದ್ದರು? 1953ರಲ್ಲಿ ರಾಷ್ಟ್ರೀಕರಣ ಆದಾಗಿನಿಂದ ನಾಲ್ಕು ದಶಕ ಸರ್ಕಾರದ್ದೇ ಏಕಸ್ವಾಮ್ಯ. 1994ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಆಸುಪಾಸಿನಲ್ಲೇ ಈಸ್ಟ್‌ವೆಸ್ಟ್, ದಮಾನಿಯಾ, ಮೋದಿಲುಫ್ತ್ ಎಂಬ ಖಾಸಗಿ ಕಂಪನಿಗಳು ಹುಟ್ಟಿದವು, ದಶಕ ಮುಗಿಯುವುದರೊಳಗೆ ಸತ್ತವು. 2003ರ ಹೊತ್ತಿಗೆ ಉಳಿದವರು ಇಂಡಿಯನ್ ಏರ್‌ಲೈನ್ಸ್, ಜೆಟ್ ಏರ್‌ವೇಸ್, ಸಹಾರಾ. ಮೂವರ ಕಣ್ಣೂ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್ ಮೇಲೆ. ಸಣ್ಣ ಊರಿಗೆ ಹೋಗುತ್ತಿದ್ದುದು ನಿಯಮದ ಒತ್ತಾಯಕ್ಕೆ, ಅಥವಾ ಆ ಊರಿನ ಮಂತ್ರಿಯ ಒತ್ತಾಯಕ್ಕೆ.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿತು. ಬಾಡಿಗೆಗೆ ತಂದ ಹಳೆಯ ಎಟಿಆರ್-42, ಐವತ್ತಕ್ಕೆ ಎರಡು ಕಡಿಮೆ ಸೀಟು. ಮರುತಿಂಗಳು ಹೈದರಾಬಾದ್-ವಿಜಯವಾಡ ಮಾರ್ಗ ಉದ್ಘಾಟಿಸುವಾಗ, ಆಗಿನ ಬಿಜೆಪಿ ಅಧ್ಯಕ್ಷ ವೆಂಕಯ್ಯ ನಾಯ್ಡು ಒಳಗೆ ಕೂತಿರುವಾಗಲೇ ಇಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು. ಕಂಪನಿ ಅವತ್ತೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಜನಕ್ಕೆ ಆ ವಿಮಾನ ಬೇಕಾಗಿತ್ತು.

ಚಿಕ್ಕ ವಿಮಾನದ ದೊಡ್ಡ ಲೆಕ್ಕ

ಏರ್ ಡೆಕ್ಕನ್ ಎಂದರೆ ಒಂದು ರೂಪಾಯಿ ಟಿಕೆಟ್ಟು ಎಂದೇ ಜನರ ನೆನಪಿನಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಅದು ಆ ಕಂಪನಿಯ ಅತ್ಯಂತ ಕಡಿಮೆ ಮಹತ್ವದ ಸಂಗತಿ. ಒಂದು ವಿಮಾನದಲ್ಲಿ ಬೆರಳೆಣಿಕೆಯ ಸೀಟು ಆ ದರಕ್ಕೆ, ತೆರಿಗೆ-ಶುಲ್ಕ ಬೇರೆ. ಉಳಿದ ಸೀಟುಗಳ ದರ ತುಂಬುತ್ತ ಹೋದಂತೆ ಮೆಟ್ಟಿಲು ಹತ್ತುತ್ತದೆ. ಜಾಹೀರಾತಿಗೆ ಕೋಟಿ ಸುರಿಯುವ ಬದಲು ಹತ್ತು ಸೀಟು ಬಿಟ್ಟುಕೊಟ್ಟರೆ ಊರೆಲ್ಲ ಅದನ್ನೇ ಮಾತಾಡುತ್ತದೆ. ಸಂತೆಯಲ್ಲಿ ಮೊದಲ ಗಿರಾಕಿಗೆ ಬೋಣಿ ಅಂತ ಕಡಿಮೆಗೆ ಕೊಟ್ಟ ಹಾಗೆ. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಲಾಂಛನದ ಹಾಗೆ ಬಳಸಿದ್ದೂ, ಇಂಟರ್ನೆಟ್ಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಟಿಕೆಟ್ ಮಾರಿದ್ದೂ ಅದೇ ಜಾಣತನ.

ನಿಜವಾದ ಆಟ ಇದ್ದದ್ದು ಎಟಿಆರ್‌ನಲ್ಲಿ. ರೆಕ್ಕೆಗೆ ಫ್ಯಾನು ತಗುಲಿಸಿದ ಈ ವಿಮಾನವನ್ನು ನೋಡಿ ಮೂಗು ಮುರಿಯುವವರು ಈಗಲೂ ಇದ್ದಾರೆ. ನಿಧಾನ, ಸದ್ದು, ಮೋಡದಲ್ಲಿ ಕುಲುಕಾಟ. ಆದರೆ ಗಂಟೆಗೆ ಅದು ಕುಡಿಯುವ ಇಂಧನ ದೊಡ್ಡ ವಿಮಾನವಾದ ಏರ್‌ಬಸ್ ಎ320 ಕುಡಿಯುವುದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಸಣ್ಣ ರನ್‌ವೇ ಸಾಕು. ಏಣಿ ತರುವ ಗಾಡಿ ಬೇಡ, ಬಾಗಿಲೇ ಮೆಟ್ಟಿಲಾಗುತ್ತದೆ. ಇದರ ಮೇಲೆ ಸರ್ಕಾರದ ಎರಡು ನಿಯಮ ಕೂಡಿಕೊಂಡವು. 40 ಟನ್‌ಗಿಂತ ಹಗುರವಾದ ಟರ್ಬೊಪ್ರಾಪ್, ಅಂದರೆ ಇಂಥ ಫ್ಯಾನಿನ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆ ಶೇ. 4 ಮಾತ್ರ, ದೊಡ್ಡ ವಿಮಾನಕ್ಕೆ ಕೆಲವು ರಾಜ್ಯಗಳಲ್ಲಿ ಅದು ಶೇ. 30ರ ಹತ್ತಿರ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಇಳಿಯುವ ಶುಲ್ಕವೇ ಇಲ್ಲ. ಇವತ್ತು ಇಂಡಿಗೋದ ಎಟಿಆರ್ ಹತ್ತಿ ಸೀಟು ಎಣಿಸಿ ನೋಡಿ, 78 ಸಿಗುತ್ತದೆ. ಆ ಎರಡು ಸೀಟು ಯಾಕೆ ಕಡಿಮೆ ಎಂದು ಆಮೇಲೆ ಕೇಳಬೇಕಾಗುವುದಿಲ್ಲ.

ಈ ಲೆಕ್ಕದ ಮೇಲೆ ಏರ್ ಡೆಕ್ಕನ್ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವನ್ನು ಗೂಟ ಮಾಡಿಕೊಂಡು ಸುತ್ತ ಹಗ್ಗ ಎಳೆಯಿತು. ಹುಬ್ಬಳ್ಳಿ, ಮಂಗಳೂರು, ಗೋವಾ, ಕೊಯಮತ್ತೂರು, ಮಧುರೈ, ವಿಜಯವಾಡ, ರಾಜಮಂಡ್ರಿ. ಎಲ್ಲವೂ ಒಂದು, ಒಂದೂವರೆ ಗಂಟೆಯ ಹಾರಾಟ. ಎಲ್ಲ ಕಡೆಯೂ ಎದುರಾಳಿ ಇನ್ನೊಂದು ವಿಮಾನವಲ್ಲ, ರಾತ್ರಿ ಬಸ್ಸು. ರಾತ್ರಿ ಹತ್ತಕ್ಕೆ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ ಹತ್ತಿ, ಹಾವೇರಿ, ದಾವಣಗೆರೆ, ತುಮಕೂರು ದಾಟಿ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಕಣ್ಣುಜ್ಜಿಕೊಂಡು ಇಳಿಯುವವನನ್ನು ಒಂದು ಗಂಟೆಯಲ್ಲಿ ಕರೆದೊಯ್ಯುತ್ತೇವೆ ಎಂಬುದು ಮಾತು. ಹಲವು ಕಡೆ ನಿಲ್ದಾಣ ಅದಾಗಲೇ ಇತ್ತು, ಬರುವ ವಿಮಾನ ಇರಲಿಲ್ಲ. ಹುಲ್ಲು ಕೊಯ್ದು ಬಾಗಿಲು ತೆಗೆದ ಹಾಗಿತ್ತು. ಉತ್ತುಂಗದಲ್ಲಿದ್ದಾಗ ಅರುವತ್ತಕ್ಕೂ ಹೆಚ್ಚು ಊರುಗಳನ್ನು ಈ ಕಂಪನಿ ಮುಟ್ಟುತ್ತಿತ್ತು. ಪ್ರಯಾಣಿಕರ ಸಂಖ್ಯೆಯಲ್ಲಿ ಜೆಟ್ ನಂತರದ ಸ್ಥಾನಕ್ಕೆ ಬಂದಿತ್ತು. ಹುಟ್ಟಿ ನಾಲ್ಕು ವರ್ಷ ತುಂಬಿರಲಿಲ್ಲ.

ಎಡವಿದ್ದು ಎಲ್ಲಿ

2004ರಲ್ಲಿ ಏರ್ ಡೆಕ್ಕನ್ ಏರ್‌ಬಸ್ ಎ320 ತಂದಿತು, ದೆಹಲಿಗೆ ಹಾರಿತು. ಅಲ್ಲಿಂದಾಚೆ ಅದು ಒಂದೇ ಹೆಸರಿನ ಎರಡು ಕಂಪನಿ. ಒಂದು ಸಣ್ಣ ಊರಿನ ಬಸ್ಸಿನ ಜೊತೆ ಸೆಣಸುವುದು. ಇನ್ನೊಂದು ದೆಹಲಿ, ಮುಂಬೈ ದಾರಿಯಲ್ಲಿ ಜೆಟ್ ಜೊತೆ ಸೆಣಸುವುದು. ಎರಡು ಬಗೆಯ ವಿಮಾನ ಎಂದರೆ ಎರಡು ಬಗೆಯ ಪೈಲಟ್, ಎರಡು ಬಗೆಯ ಇಂಜಿನಿಯರ್, ಎರಡು ಬಗೆಯ ಬಿಡಿಭಾಗದ ಗೋದಾಮು. ಎಟಿಆರ್ ಪೈಲಟ್‌ಗೆ ಜ್ವರ ಬಂದರೆ ಏರ್‌ಬಸ್ ಪೈಲಟ್‌ನನ್ನು ಕೂರಿಸಲಾಗದು.

ಅಗ್ಗದ ವಿಮಾನಯಾನದ ಮೂಲ ಪಾಠವೇ ಇದಕ್ಕೆ ವಿರುದ್ಧ. 1971ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಡಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ಎಂಬ ಮೂರು ಊರಿನ ನಡುವೆ ಸೌತ್‌ವೆಸ್ಟ್ ಶುರುವಾಯಿತು. ಮರುವರ್ಷ ಕಾಸಿಲ್ಲದೆ ನಾಲ್ಕು ವಿಮಾನದಲ್ಲಿ ಒಂದನ್ನು ಮಾರಬೇಕಾಗಿ ಬಂತು. ವೇಳಾಪಟ್ಟಿ ಮಾತ್ರ ನಾಲ್ಕು ವಿಮಾನದ್ದು. ಉಳಿದ ಮೂರರಲ್ಲಿ ಅದನ್ನು ಮುಗಿಸಲು ಅವರು ಕಂಡುಕೊಂಡ ದಾರಿ: ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸುವುದು. ನೆಲದ ಮೇಲಿರುವ ವಿಮಾನ ಗ್ಯಾರೇಜಿನಲ್ಲಿ ನಿಂತ ಲಾರಿ. ಬಾಡಿಗೆ ತಿನ್ನುತ್ತದೆ, ದುಡಿಯುವುದಿಲ್ಲ. ಒಂದೇ ಬಗೆಯ ವಿಮಾನ, ಬೇಗ ತಿರುಗಿಸು, ದಿನಕ್ಕೆ ಹನ್ನೆರಡು ತಾಸು ಗಾಳಿಯಲ್ಲಿಡು. ಜಗತ್ತಿನ ಎಲ್ಲ ಅಗ್ಗದ ಕಂಪನಿಗಳೂ ಈ ಮಂತ್ರವನ್ನೇ ಜಪಿಸಿವೆ.

ಎಟಿಆರ್‌ನಿಂದ ಸಣ್ಣ ಊರು ಕಟ್ಟಿದ ಮೇಲೆ ಏರ್‌ಬಸ್‌ನಿಂದ ದೊಡ್ಡ ಊರಿನ ಲಾಭ ತಂದು ಸುರಿಯಬಹುದು ಎಂಬ ಲೆಕ್ಕ ಗೋಪಿನಾಥ್ ಅವರದಾಗಿದ್ದಿರಬೇಕು. ಕಾಗದದ ಮೇಲೆ ತಪ್ಪಿಲ್ಲ. ಆದರೆ ದೊಡ್ಡ ಊರಿನ ದಾರಿಗೆ ಅದೇ ಹೊತ್ತಿಗೆ ಎಲ್ಲರೂ ಬಂದರು: 2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ಮತ್ತು ಸ್ಪೈಸ್‌ಜೆಟ್, ವರ್ಷದ ಕೊನೆಗೆ ಗೋಏರ್, 2006ರ ಆಗಸ್ಟ್‌ನಲ್ಲಿ ಇಂಡಿಗೋ. ಸೀಟು ಹೆಚ್ಚಾಯಿತು, ದರ ಬಿತ್ತು, ತೈಲ ಏರಿತು. ಪೈಲಟ್‌ಗಳಿಗಾಗಿ ಜಗ್ಗಾಟ. 2006ರ ಮೇನಲ್ಲಿ ಷೇರು ಮಾರುಕಟ್ಟೆಗೆ ಹೋದಾಗ ಕೊಳ್ಳುವವರಿಲ್ಲದೆ ದರ ಇಳಿಸಿ, ಗಡುವು ಮುಂದೂಡಿ ಹೇಗೋ ದಡ ಸೇರಬೇಕಾಯಿತು. ನಷ್ಟ ನೂರಾರು ಕೋಟಿ ಮುಟ್ಟಿತು.

ಮರುವರ್ಷ ವಿಜಯ್ ಮಲ್ಯರ ಯುಬಿ ಸಮೂಹ 550 ಕೋಟಿ ರೂಪಾಯಿ ಕೊಟ್ಟು ಶೇ. 26 ಪಾಲು ಕೊಂಡಿತು. ಮಲ್ಯರಿಗೆ ಬೇಕಾಗಿದ್ದದ್ದು ಹುಬ್ಬಳ್ಳಿ, ರಾಜಮಂಡ್ರಿ ಮಾರ್ಗಗಳು ಎಂದು ನನಗನ್ನಿಸುವುದಿಲ್ಲ. ಆಗಿನ ನಿಯಮದ ಪ್ರಕಾರ ವಿದೇಶಕ್ಕೆ ಹಾರಬೇಕಾದರೆ ಐದು ವರ್ಷದ ಅನುಭವ, ಇಪ್ಪತ್ತು ವಿಮಾನ ಇರಬೇಕಿತ್ತು. ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ, ಡೆಕ್ಕನ್ 2003ರಲ್ಲಿ. ಎರಡನ್ನೂ ಸೇರಿಸಿದರೆ ವಯಸ್ಸು ತುಂಬುತ್ತದೆ. 2008ರಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು. ಶ್ರೀಸಾಮಾನ್ಯನ ವಿಮಾನ ಮೊದಲು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, ಆಮೇಲೆ ಕಿಂಗ್‌ಫಿಷರ್ ರೆಡ್ ಆಯಿತು, 2011ರಲ್ಲಿ ಅದನ್ನೂ ಮುಚ್ಚುವುದಾಗಿ ಘೋಷಿಸಿದರು. ಮರುವರ್ಷ ಇಡೀ ಕಿಂಗ್‌ಫಿಷರ್ ನೆಲಕಚ್ಚಿತು. ಸಂಬಳ ಸಿಗದೆ ಬೀದಿಗೆ ಬಂದವರಲ್ಲಿ ಡೆಕ್ಕನ್‌ನ ಹಳಬರೂ ಇದ್ದರು.

ಇದರ ನಡುವೆ ಎಲ್ಲರೂ ಮರೆತ ಇನ್ನೊಂದು ದಿನಾಂಕವಿದೆ. 2008ರ ಮೇ 24. ಅವತ್ತು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು, ಎಚ್‌ಎಎಲ್ ನಿಲ್ದಾಣ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು. ದೆಹಲಿಯಿಂದ ಬರುವವನಿಗೆ ಇದರಿಂದ ಅಂಥ ನಷ್ಟವೇನಿಲ್ಲ. ಎರಡೂವರೆ ಗಂಟೆ ಹಾರಿ ಬಂದವನು ಇನ್ನೊಂದು ಗಂಟೆ ಟ್ಯಾಕ್ಸಿಯಲ್ಲಿ ಕೂತರೆ ಕೂತಾನು. ಹುಬ್ಬಳ್ಳಿಯವನ ಕಥೆ ಬೇರೆ. ಎಚ್‌ಎಎಲ್‌ನಲ್ಲಿ ಇಳಿದರೆ ಎಂ.ಜಿ. ರಸ್ತೆ ಆಟೋದ ದೂರ. ದೇವನಹಳ್ಳಿಯಲ್ಲಿ ಇಳಿದವನು ಮೆಜೆಸ್ಟಿಕ್ ಸೇರುವಷ್ಟರಲ್ಲಿ, ಹುಬ್ಬಳ್ಳಿ ನಿಲ್ದಾಣದಲ್ಲಿ ಒಂದೂವರೆ ಗಂಟೆ ಮುಂಚೆ ಹೋಗಿ ಕೂತದ್ದೂ ಸೇರಿ, ಐದು ತಾಸು ಮುಗಿದಿರುತ್ತದೆ. 2023ರ ಜೂನ್‌ನಿಂದ ಓಡುತ್ತಿರುವ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಆರು ಗಂಟೆ ಆಸುಪಾಸಿನಲ್ಲಿ ಊರ ನಡುವೆಯೇ ತಂದಿಳಿಸುತ್ತದೆ. ಹತ್ತಿರದ ಊರಿಗೆ ಹಾರುವ ವಿಮಾನವನ್ನು ತೈಲದ ದರಕ್ಕಿಂತ ಹೆಚ್ಚಾಗಿ ಕೊಂದದ್ದು ನಿಲ್ದಾಣದ ರಸ್ತೆ ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ.

ದಪ್ಪ ಗೆರೆ, ತೆಳು ಗೆರೆ

ಇಂಡಿಗೋ ಇದೇ ಪಾಠವನ್ನು ತಿರುವಿ ಹಾಕಿ ಓದಿತು. ರಾಹುಲ್ ಭಾಟಿಯಾ ಮತ್ತು ರಾಕೇಶ್ ಗಂಗ್ವಾಲ್ ಒಂದೂ ವಿಮಾನ ಹಾರಿಸುವ ಮುಂಚೆಯೇ, 2005ರ ಪ್ಯಾರಿಸ್ ವಿಮಾನ ಮೇಳದಲ್ಲಿ 100 ಏರ್‌ಬಸ್‌ಗಳಿಗೆ ಬೇಡಿಕೆ ಇಟ್ಟರು. ಎಲ್ಲ ಒಂದೇ ಜಾತಿಯವು. ಸಗಟಿನಲ್ಲಿ ಕೊಂಡರೆ ರಿಯಾಯಿತಿ ದೊಡ್ಡದು. ವಿಮಾನ ಕೈಸೇರುತ್ತಿದ್ದಂತೆ ಬಾಡಿಗೆ ಕಂಪನಿಗೆ ಮಾರುಕಟ್ಟೆ ದರಕ್ಕೆ ಮಾರಿ, ಅದನ್ನೇ ಆರೇಳು ವರ್ಷಕ್ಕೆ ಬಾಡಿಗೆಗೆ ತೆಗೆದುಕೊಳ್ಳುವುದು. ಮಾರಾಟದಲ್ಲಿ ಒಂದಿಷ್ಟು ಕಾಸು ಕೈಗೆ ಬರುತ್ತದೆ. ದೊಡ್ಡ ರಿಪೇರಿಯ ವಯಸ್ಸು ಬರುವ ಮುಂಚೆ ವಿಮಾನ ವಾಪಸು. ಲಗೇಜಿಲ್ಲದ ಬಾಡಿಗೆದಾರನ ಹಾಗೆ.

ಮಾರ್ಗನಕ್ಷೆಯಲ್ಲೂ ಅವರು ಮೊದಲು ದಪ್ಪ ಗೆರೆಗಳನ್ನೇ ಎಳೆದರು. ದೆಹಲಿ-ಮುಂಬೈ, ದೆಹಲಿ-ಬೆಂಗಳೂರು, ಬೆಂಗಳೂರು-ಹೈದರಾಬಾದ್. ಒಂದೇ ದಾರಿಯಲ್ಲಿ ದಿನಕ್ಕೆ ಹತ್ತಾರು ವಿಮಾನ, ಯಾವ ಹೊತ್ತಿಗೆ ಹೋದರೂ ಒಂದು ಸಿಗುತ್ತದೆ ಎಂಬ ಹಾಗೆ. ಸ್ವಾರಸ್ಯವೆಂದರೆ 2006ರ ಆಗಸ್ಟ್ 4ರ ಅವರ ಮೊದಲ ಹಾರಾಟ ದೆಹಲಿಯಿಂದ ಗುವಾಹಟಿ ಮಾರ್ಗವಾಗಿ ಇಂಫಾಲ್‌ಗೆ. ಈಶಾನ್ಯದ ಮೇಲಿನ ಪ್ರೀತಿಗೆ ಎಂದುಕೊಳ್ಳಬೇಕಿಲ್ಲ. 1994ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಮಹಾನಗರಗಳ ನಡುವೆ ಹಾರುವ ಕಂಪನಿ ತನ್ನ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿನಷ್ಟನ್ನು ಈಶಾನ್ಯ, ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳಿಗೆ ಕೊಡಬೇಕು. ಕೊಡಲೇಬೇಕಾದದ್ದನ್ನು ಅವರು ಮೊದಲ ದಿನವೇ ವೇಳಾಪಟ್ಟಿಯೊಳಗೆ ಹೊಲಿದುಬಿಟ್ಟರು.

ಎಟಿಆರ್ ಅವರ ಕಡೆ ಬಂದದ್ದು 2017ರ ಕೊನೆಗೆ. ಹನ್ನೊಂದು ವರ್ಷ ಒಂದೇ ಜಾತಿಯ ವಿಮಾನ, ಒಂದೇ ಲೆಕ್ಕ. ಕೈಯಲ್ಲಿ ಕಾಸು ಕೂಡಿದ ಮೇಲೆ, ಸರ್ಕಾರ ಸಬ್ಸಿಡಿಯ ಮಾತಾಡಿದ ಮೇಲೆ ತೆಳು ಗೆರೆ. ಡೆಕ್ಕನ್ ತೆಳು ಗೆರೆಯಿಂದ ದಪ್ಪ ಗೆರೆಗೆ ಹೋಗಲು ಯತ್ನಿಸಿತು, ಇಂಡಿಗೋ ದಪ್ಪದಿಂದ ತೆಳುವಿಗೆ ಬಂತು. ಗೋಪಿನಾಥ್ ಅವರ ಕನಸು ತಪ್ಪಾಗಿತ್ತು ಎಂದು ನಾನು ಹೇಳಲಾರೆ. ಆ ಕನಸಿಗೆ ಬೇಕಾದ ಬಂಡವಾಳ ಕನಸು ಕಂಡವರ ಹತ್ತಿರ ಇರಲಿಲ್ಲ, ಬಂಡವಾಳ ಇದ್ದವರಿಗೆ ಕನಸಿನ ಅವಸರ ಇರಲಿಲ್ಲ.

ಅದರ ಬೆಲೆ ಏನೆಂದರೆ, ತೆಳು ಗೆರೆ ಯಾವತ್ತೂ ಎರಡನೆಯ ಸಾಲಿನದು. ಮುಂಬೈಯಂಥ ನಿಲ್ದಾಣದಲ್ಲಿ ಗಂಟೆಗೆ ಇಷ್ಟೇ ವಿಮಾನ ಇಳಿಯಬಹುದು, ಏರಬಹುದು. ಆ ಒಂದು ಸರದಿಗೆ ಸ್ಲಾಟ್ ಎನ್ನುತ್ತಾರೆ. 78 ಜನರ ಎಟಿಆರ್‌ಗೂ ಒಂದು ಸ್ಲಾಟ್, 232 ಜನರ ಎ321ಕ್ಕೂ ಒಂದೇ ಸ್ಲಾಟ್. ಲೆಕ್ಕಕ್ಕೆ ಇಟ್ಟುಕೊಳ್ಳಿ, ತಲೆಗೆ ಮೂರು ಸಾವಿರ ಎಂದರೆ ತುಂಬಿದ ಎಟಿಆರ್ ಎರಡೂಕಾಲು ಲಕ್ಷದ ಸುತ್ತ ತರುತ್ತದೆ. ಅದೇ ಸ್ಲಾಟಿನಲ್ಲಿ ದೊಡ್ಡ ವಿಮಾನ ಹೆಚ್ಚುಕಡಿಮೆ ಏಳು ಲಕ್ಷ. ಕಂಪನಿಯ ವೇಳಾಪಟ್ಟಿ ಬರೆಯುವವರು ಯಾವುದನ್ನು ಬೆಳಗಿನ ಎಂಟಕ್ಕೆ ಇಡುತ್ತಾರೆ, ಯಾವುದನ್ನು ಮಧ್ಯಾಹ್ನ ಎರಡಕ್ಕೆ ತಳ್ಳುತ್ತಾರೆ ಎಂಬುದರಲ್ಲಿ ಗುಟ್ಟೇನಿಲ್ಲ. ಮಧ್ಯಾಹ್ನ ಎರಡಕ್ಕೆ ಹೋದರೆ ವ್ಯಾಪಾರಿ ಆ ದಿನವೇ ಕೆಲಸ ಮುಗಿಸಿ ವಾಪಸಾಗಲಾರ. ಅವನು ಹತ್ತುವುದಿಲ್ಲ. ಸೀಟು ಖಾಲಿ. ಖಾಲಿ ಸೀಟು ತೋರಿಸಿ ಮಾರ್ಗ ರದ್ದು.

ಈಗ ಡಿಸೆಂಬರ್‌ಗೆ ಬರೋಣ. ಅಗ್ಗದ ಕಂಪನಿಯ ಒಂದು ವಿಮಾನ ದಿನಕ್ಕೆ ಐದಾರು ಊರು ಮುಟ್ಟುತ್ತದೆ. ಬೆಳಗಿನ ಜಾವ ಬೆಂಗಳೂರು ಬಿಟ್ಟದ್ದು ಪುಣೆ, ಅಲ್ಲಿಂದ ದೆಹಲಿ, ಅಲ್ಲಿಂದ ಪಟ್ನಾ ಹೀಗೆ. ಪೈಲಟ್, ಸಿಬ್ಬಂದಿ ನಡುನಡುವೆ ಬದಲಾಗುತ್ತಾರೆ. ಎಲ್ಲ ಸರಿಯಿದ್ದಾಗ ಇದು ಮಲ್ಲಿಗೆ ಮಾಲೆ, ಒಂದು ಗಂಟು ಬಿಚ್ಚಿದರೆ ಎಲ್ಲವೂ ನೆಲಕ್ಕೆ. ಪೈಲಟ್‌ಗಳ ದಣಿವು ತಡೆಯುವ ಹೊಸ ನಿಯಮಗಳು ಎರಡು ಹಂತದಲ್ಲಿ ಬಂದವು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ನವೆಂಬರ್ 1ರಿಂದ ರಾತ್ರಿ ವಿಮಾನ ಇಳಿಸುವುದು ಆರು ಸಲದಿಂದ ಎರಡಕ್ಕೆ ಇಳಿಯಿತು. ದಿನಕ್ಕೆ 2,200ಕ್ಕೂ ಹೆಚ್ಚು ಹಾರಾಟ ನಡೆಸುವ, ರಾತ್ರಿ ಹಾರಾಟದ ಮೇಲೆ ನಿಂತ ಕಂಪನಿಗೆ ಬೇಕಾದಷ್ಟು ಪೈಲಟ್ ಇರಲಿಲ್ಲ. ನಿಯಮ ಬರುತ್ತದೆಂದು ಮೊದಲೇ ಗೊತ್ತಿತ್ತು. ಮೊದಲ ಗಂಟು ಬಿಚ್ಚಿದ ಮೇಲೆ ಯಾವ ಪೈಲಟ್ ಯಾವ ಊರಲ್ಲಿದ್ದಾನೆ ಎಂಬುದೇ ಕಂಪನಿಗೆ ತಲೆನೋವಾಯಿತು. 2022ರ ಡಿಸೆಂಬರ್‌ನಲ್ಲಿ ಸೌತ್‌ವೆಸ್ಟ್‌ಗೂ ಹೀಗೇ ಆಗಿತ್ತು. ಹಿಮಗಾಳಿ ನಿಂತ ಮೇಲೂ ಅದು ಮೇಲೇಳಲಿಲ್ಲ, 16,000ಕ್ಕೂ ಹೆಚ್ಚು ಹಾರಾಟ ರದ್ದಾದವು. ಬಿಗಿಯಾಗಿ ಹೊಲಿದ ಅಂಗಿಯಲ್ಲಿ ಉಸಿರಾಡಲು ಜಾಗ ಇರುವುದಿಲ್ಲ.

ಕೊನೆಗೆ ಸರ್ಕಾರ ಇಂಡಿಗೋದ ಚಳಿಗಾಲದ ವೇಳಾಪಟ್ಟಿಯನ್ನು ಶೇ. 10 ಕಡಿತ ಮಾಡಿತು, ರಾತ್ರಿಯ ನಿಯಮಕ್ಕೆ 2026ರ ಫೆಬ್ರುವರಿವರೆಗೆ ವಿನಾಯಿತಿಯನ್ನೂ ಕೊಟ್ಟಿತು. ಒಂದು ಕೈಯಲ್ಲಿ ಹೊಡೆತ, ಇನ್ನೊಂದು ಕೈಯಲ್ಲಿ ಬೆಲ್ಲ. ಬೇರೆ ದಾರಿಯೂ ಇರಲಿಲ್ಲ ಅನ್ನಿ. ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಮುಚ್ಚಿವೆ. ವಿಸ್ತಾರ ಏರ್ ಇಂಡಿಯಾದೊಳಗೆ ಕರಗಿದೆ. ಬೆಂಗಳೂರಿನಿಂದಲೇ ಶುರುವಾದ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿದೆ. ಅಕಾಸಾ ಇನ್ನೂ ಚಿಕ್ಕದು. ಹತ್ತರಲ್ಲಿ ಆರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುವವನ ಮೇಲೆ ಮುನಿಸಿಕೊಂಡು ಎಷ್ಟು ದಿನ ಇರುತ್ತೀರಿ?

ನಿಲ್ದಾಣ ಇದೆ, ವಿಮಾನ ಎಲ್ಲಿ?

ಡೆಕ್ಕನ್ ಬಿಟ್ಟುಹೋದ ನಕ್ಷೆಯನ್ನು ಸರ್ಕಾರದ ದುಡ್ಡಿನಲ್ಲಿ ಮತ್ತೆ ಎಳೆಯುವ ಪ್ರಯತ್ನ ಉಡಾನ್. 2017ರ ಏಪ್ರಿಲ್‌ನಲ್ಲಿ ಶಿಮ್ಲಾ-ದೆಹಲಿ ನಡುವೆ ಮೊದಲ ಹಾರಾಟ. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ, ಅರ್ಧದಷ್ಟು ಸೀಟಿಗೆ. ಖೋತಾವನ್ನು ಮೂರು ವರ್ಷ ಸರ್ಕಾರ ತುಂಬುತ್ತದೆ. ಆ ಹಣದಲ್ಲಿ ಒಂದು ಭಾಗ ಮುಖ್ಯ ಮಾರ್ಗಗಳ ಹಾರಾಟಗಳ ಮೇಲಿನ ಸುಂಕದಿಂದ ಬರುತ್ತದೆ, ಒಂದು ಭಾಗ ರಾಜ್ಯದ್ದು. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವವನ ಜೇಬಿನಿಂದ ಬೀದರ್‌ನವನಿಗೆ ಒಂದಿಷ್ಟು. ನನಗೆ ಇದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಮೂರು ವರ್ಷದ ಮೇಲೆ. 2023ರ ಮಹಾಲೇಖಪಾಲರ ವರದಿ ಇಟ್ಟ ಲೆಕ್ಕ ಇದು: ಮೊದಲ ಮೂರು ಸುತ್ತಿನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಮೂರು ವರ್ಷ ಕಳೆದ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ನೂರು ಸಸಿ ನೆಟ್ಟು ಏಳು ಬದುಕಿದರೆ ನಮ್ಮ ರೈತರು ಅದನ್ನು ತೋಟ ಎನ್ನುವುದಿಲ್ಲ.

ನಮ್ಮ ರಾಜ್ಯವೇ ಸಾಕು ಉದಾಹರಣೆಗೆ. ಹುಬ್ಬಳ್ಳಿ ಉಡಾನ್ ಪಟ್ಟಿಯಲ್ಲಿತ್ತು, ಬೆಳಗಾವಿ ಮೊದಲಿಗೆ ಇರಲಿಲ್ಲ. 2018ರಲ್ಲಿ ಬೆಳಗಾವಿಯ ವಿಮಾನಗಳು ಸದ್ದಿಲ್ಲದೆ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋದವು. ಬೆಳಗಾವಿಯ ಜನ ಗಲಾಟೆ ಮಾಡಿದರು, ಮೂರನೇ ಸುತ್ತಿನಲ್ಲಿ ಹೆಸರು ಸೇರಿತು, ವಿಮಾನಗಳು ಬಂದವು. ಹೊಸ ಪ್ರಯಾಣಿಕರು ಹುಟ್ಟಿದರೋ, ಸಬ್ಸಿಡಿಯ ಹಿಂದೆ ವಿಮಾನ ಅಲೆಯಿತೋ? ಮೈಸೂರಿನಲ್ಲಿ 2010ರಲ್ಲಿ ಕಿಂಗ್‌ಫಿಷರ್ ಬಂದು ಹೋಯಿತು, ಆಮೇಲೆ ಸ್ಪೈಸ್‌ಜೆಟ್ ಬಂದು ಹೋಯಿತು, ಉಡಾನ್‌ನಲ್ಲಿ ಟ್ರೂಜೆಟ್ ಬಂದು ಕಂಪನಿಯೇ ನಿಂತುಹೋಯಿತು. ಬೆಂಗಳೂರಿಗೆ ಹೆದ್ದಾರಿಯಲ್ಲಿ ಎರಡು ಗಂಟೆಯಿರುವ ಊರಿಗೆ ಬೆಂಗಳೂರಿನಿಂದ ವಿಮಾನ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಮೈಸೂರಿಗೆ ಬೇಕಾದದ್ದು ಹೈದರಾಬಾದ್, ಚೆನ್ನೈ, ಗೋವಾ.

ಬೀದರ್‌ದು ಇನ್ನೊಂದು ಬಗೆ. ಅಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ. ವಿಮಾನ ನಿಜಕ್ಕೂ ಬೇಕಾದ ಊರು ಅದು. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಶುರುವಾಯಿತು. ಕೋವಿಡ್ ಬಂತು, ಟ್ರೂಜೆಟ್ ಹೋಯಿತು, ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತಿತು. ರಾಜ್ಯ ಸರ್ಕಾರವೇ ಕೈಯಿಂದ ನೆರವು ಕೊಡುತ್ತೇನೆಂದ ಮೇಲೆ 2025ರಲ್ಲಿ ಮತ್ತೆ ಹಾರಾಟ. ಶಿವಮೊಗ್ಗದಲ್ಲಿ 3,200 ಮೀಟರ್ ರನ್‌ವೇ ಇದೆ, ಏರ್‌ಬಸ್ ನಿರಾತಂಕವಾಗಿ ಇಳಿಯಬಹುದು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಎಟಿಆರ್. ಅದಕ್ಕೆ ಆ ರನ್‌ವೇಯ ಅರ್ಧ ಸಾಕಾಗುತ್ತದೆ.

ಗೋಪಿನಾಥ್ ಕೂಡ ಉಡಾನ್‌ನಲ್ಲಿ ಇನ್ನೊಂದು ಕೈ ನೋಡಿದರು. 2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಹೆಸರು ಮತ್ತೆ ಬೋರ್ಡಿಗೆ ಬಂತು, 18-19 ಸೀಟಿನ ಬೀಚ್‌ಕ್ರಾಫ್ಟ್ ವಿಮಾನಗಳೊಂದಿಗೆ, ಮುಂಬೈನಿಂದ ಜಳಗಾಂವ್, ನಾಸಿಕ್ ಕಡೆಗೆ. 2020ರ ಏಪ್ರಿಲ್‌ನಲ್ಲಿ ಅದೂ ನಿಂತಿತು. ಅದರಲ್ಲಿ ಹುಬ್ಬಳ್ಳಿ ಇರಲಿಲ್ಲ.

ಈಗ ಬೆಂಗಳೂರಿಗೆ ಎರಡನೇ ನಿಲ್ದಾಣದ ಮಾತು ನಡೆದಿದೆ. ಕನಕಪುರ ರಸ್ತೆಯ ಕಡೆ ಎರಡು ಜಾಗ, ನೆಲಮಂಗಲದಿಂದ ಕುಣಿಗಲ್ ದಾರಿಯಲ್ಲಿ ಒಂದು ಜಾಗ ನೋಡಿದ್ದಾರೆ. ದೇವನಹಳ್ಳಿಯ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ, ಮೈಸೂರು ಮತ್ತು ಹಾಸನ ಬಿಟ್ಟು, ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ 2033ರವರೆಗೆ ಬರುವಂತಿಲ್ಲ. ಅಲ್ಲಿಗೆ ಏಳು ವರ್ಷ ಇದೆ. ಟಿವಿಯಲ್ಲಿ ನಡೆಯುವ ವಾದವೆಲ್ಲ ಯಾವ ಕ್ಷೇತ್ರಕ್ಕೆ ಸಿಗುತ್ತದೆ, ಎಕರೆಗೆ ಎಷ್ಟಾಗುತ್ತದೆ ಎಂಬುದು. ಹುಬ್ಬಳ್ಳಿ, ಶಿವಮೊಗ್ಗ, ಬೀದರ್, ಕಲಬುರಗಿಯಿಂದ ಬರುವ 78 ಸೀಟಿನ ವಿಮಾನ ಅಲ್ಲಿ ಇಳಿಯುತ್ತದೆಯೇ, ಬೆಳಗಿನ ಎಂಟು ಗಂಟೆಯ ಸ್ಲಾಟಿನಲ್ಲಿ ಒಂದೆರಡನ್ನಾದರೂ ಅದಕ್ಕೆಂದೇ ಬರೆದಿಡುತ್ತಾರೆಯೇ, ಇಳಿದವನು ಮೆಟ್ರೋ ಹತ್ತಿ ಅರ್ಧ ಗಂಟೆಯಲ್ಲಿ ಊರೊಳಗೆ ಬರುತ್ತಾನೆಯೇ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಕಾಕಾ ಅವರನ್ನು ಮೊನ್ನೆ ಕೇಳಿದೆ, ಬೆಂಗಳೂರಿಗೆ ಹೆಂಗ ಬರ್ತೀರಿ ಈಗ ಅಂತ. “ವಂದೇ ಭಾರತ್‌ನ್ಯಾಗ. ಊಟಾನೂ ಕೊಡ್ತಾರ,” ಎಂದರು.